ಬ್ರಾಮ್ಸ್ ಇಷ್ಟವಾಗದಿದ್ದರೆ ನನ್ನ ಕಿವಿ ಸರಿಯಿಲ್ಲವೇ?

ಪ್ರಶ್ನೆ: ಎರಡು ವರ್ಷದಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುತ್ತಿದ್ದೇನೆ. ಯಾರ ಹತ್ತಿರವೂ ಕಲಿತಿಲ್ಲ, ಸುಮ್ನೆ ಕೇಳುತ್ತಾ ಬಂದೆ. ವಿವಾಲ್ಡಿಯ ‘ನಾಲ್ಕು ಋತುಗಳು’, ಚೈಕೋವ್‌ಸ್ಕಿಯ ಪಿಟೀಲು ಕಾನ್ಸರ್ಟೊ (ವಾದ್ಯವೃಂದದ ಜೊತೆ ಒಂದು ಪಿಟೀಲು ಮುಂದಾಳಾಗಿ ನುಡಿಯುವ ರಚನೆ), ಶೋಪಾನ್‌ನ ಪಿಯಾನೊ ನಾಕ್ಟರ್ನ್‌ಗಳು ಅಂದ್ರೆ ಪ್ರಾಣ. ಆದರೆ 19ನೆಯ ಶತಮಾನದ ಜರ್ಮನ್ ಸಂಯೋಜಕ ಬ್ರಾಮ್ಸ್ ಅವರನ್ನು ಕೇಳುವಾಗ ದಪ್ಪ ಕಂಬಳಿ ಹೊದ್ದ ಹಾಗೆ ಉಸಿರು ಕಟ್ಟುತ್ತದೆ. ಒಳ್ಳೆ ಟ್ಯೂನ್ ಶುರುವಾಯಿತು ಅನ್ನುವಷ್ಟರಲ್ಲಿ ಅದು ಎಲ್ಲೋ ಮುಳುಗಿಹೋಗುತ್ತದೆ. ಮೊಜಾರ್ಟ್ ಎಲ್ಲಾ ಒಂದೇ ಥರ ಕೇಳಿಸುತ್ತದೆ. ಶೋನ್‌ಬರ್ಗ್ ಬರೀ ಗದ್ದಲ. ತುಂಬಾ ತಿಳಿದ ಗೆಳೆಯರೊಬ್ಬರು, ‘ಬ್ರಾಮ್ಸ್ ಇಷ್ಟವಾಗದವರಿಗೆ ಸಂಗೀತ ಅರ್ಥವಾಗಿಲ್ಲ ಅಂತಲೇ ಲೆಕ್ಕ’ ಅಂದುಬಿಟ್ಟರು. ಅವತ್ತಿನಿಂದ ಏನು ಕೇಳಿದರೂ ಅನುಮಾನ. ನನ್ನ ಅಭಿರುಚಿ ಕೀಳುಮಟ್ಟದ್ದೇ? ಬದಲಾಯಿಸಿಕೊಳ್ಳಬೇಕೇ?

ಉತ್ತರ: ಮೊದಲು ನಿಮ್ಮ ಗೆಳೆಯರ ಮಾತನ್ನೇ ತೆಗೆದುಕೊಳ್ಳೋಣ. ಅವರ ಲೆಕ್ಕದ ಪ್ರಕಾರ ಸಂಗೀತ ಅರ್ಥವಾಗದವರ ಪಟ್ಟಿಯಲ್ಲಿ ಚೈಕೋವ್‌ಸ್ಕಿಯನ್ನೂ ಸೇರಿಸಬೇಕಾಗುತ್ತದೆ. ಚೈಕೋವ್‌ಸ್ಕಿಗೆ ಬ್ರಾಮ್ಸ್ ಸಂಗೀತ ಕೊನೆವರೆಗೂ ಹಿಡಿಸಲಿಲ್ಲ. 1886ರ ಅಕ್ಟೋಬರ್‌ನಲ್ಲಿ ಒಂದು ದಿನ ಬ್ರಾಮ್ಸ್ ರಚನೆಗಳನ್ನು ಪಿಯಾನೊದಲ್ಲಿ ನುಡಿಸಿ ನೋಡಿದವರು, ದಿನಚರಿಯಲ್ಲಿ ‘ಪ್ರತಿಭೆಯೇ ಇಲ್ಲದವನು’ ಎನ್ನುವ ಅರ್ಥದಲ್ಲಿ ಬೈದು ಬರೆದುಕೊಂಡಿದ್ದಾರೆ. ಕಾಗದಗಳಲ್ಲಿ ಅವರು ಕೊಟ್ಟ ಕಾರಣ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ: ಬ್ರಾಮ್ಸ್‌ನಲ್ಲಿ ಒಂದು ಮಧುರವಾದ ಸಾಲು ಸುಳಿವು ಕೊಟ್ಟು, ಪೂರ್ತಿ ಅರಳುವ ಮೊದಲೇ ಸುತ್ತಲಿನ ಸ್ವರಗಳ ಒತ್ತಡದಲ್ಲಿ ಮುಚ್ಚಿಹೋಗುತ್ತದೆ ಅಂತ. ನೀವು ‘ಮುಳುಗಿಹೋಗುತ್ತದೆ’ ಅಂದಿರಲ್ಲ, ಅದೇ ಮಾತು. ಸುಮಾರು 140 ವರ್ಷ ಹಿಂದೆ ಚೈಕೋವ್‌ಸ್ಕಿಯ ಕಿವಿಗೆ ಬಿದ್ದದ್ದೇ ಇವತ್ತು ನಿಮ್ಮ ಕಿವಿಗೂ ಬಿದ್ದಿದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಇಷ್ಟವಾಗದ ಕಿವಿ ಬಹಳ ಸಲ ಸರಿಯಾಗಿಯೇ ಕೇಳಿರುತ್ತದೆ. ಒಂದು ಗುಣ ಅಲ್ಲಿ ನಿಜವಾಗಿ ಇರುತ್ತದೆ. ಒಬ್ಬರಿಗೆ ಅದು ದೋಷ, ಇನ್ನೊಬ್ಬರಿಗೆ ಅದರಲ್ಲೇ ಸುಖ. ಹಾಗಾಗಿ ‘ನನಗೆ ಇಷ್ಟವಾಗಲಿಲ್ಲ’ ಅನ್ನುವುದು ನಾಚಿಕೆಪಡುವ ಮಾತಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಏನು ಇಷ್ಟವಾಗಲಿಲ್ಲ, ಎಲ್ಲಿ ಇಷ್ಟವಾಗಲಿಲ್ಲ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನೀವು ಈಗಾಗಲೇ ಅರ್ಧ ಹೇಳಿದ್ದೀರಿ: ದಪ್ಪ, ಮುಳುಗುತ್ತದೆ. ಎರಡು ವರ್ಷ ಕೇಳಿದವರಲ್ಲಿ ಹೀಗೆ ಜಾಗ ತೋರಿಸಿ ಹೇಳುವವರು ಕಡಿಮೆ.

ನೀವು ಪ್ರಾಣ ಅಂದ ಆ ಪಿಟೀಲು ಕಾನ್ಸರ್ಟೊವಿನ ಕಥೆಯೂ ಇದೇ. ಚೈಕೋವ್‌ಸ್ಕಿ ಅದನ್ನು ಬರೆದದ್ದು 1878ರಲ್ಲಿ. ಮೊದಲ ಸಲ ವಾದ್ಯವೃಂದದ ಜೊತೆ ಅದು ಕೇಳಿಬಂದದ್ದು 1881ರ ಡಿಸೆಂಬರ್ 4ರಂದು, ವಿಯೆನ್ನಾದಲ್ಲಿ. ಪಿಟೀಲು ನುಡಿಸಿದವರು ಅಡಾಲ್ಫ್ ಬ್ರಾಡ್‌ಸ್ಕಿ. ಆ ಊರಿನ ದೊಡ್ಡ ವಿಮರ್ಶಕ ಎಡ್ವರ್ಡ್ ಹಾನ್ಸ್‌ಲಿಕ್. ಅವರು ಬ್ರಾಮ್ಸ್‌ಗೆ ಆಪ್ತರು. ಇಲ್ಲಿ ಪಿಟೀಲನ್ನು ನುಡಿಸುತ್ತಿಲ್ಲ, ಬಾಸುಂಡೆ ಬರುವ ಹಾಗೆ ಬಡಿಯುತ್ತಿದ್ದಾರೆ ಅಂತ ಬರೆದರು. ಕಿವಿಗೆ ನಾತ ಹೊಡೆಯುವ ಸಂಗೀತವೂ ಇರಬಹುದು ಅನ್ನುವವರೆಗೆ ಹೋದರು. ಚೈಕೋವ್‌ಸ್ಕಿಗೆ ಆ ಮಾತು ವರ್ಷಗಟ್ಟಲೆ ಚುಚ್ಚುತ್ತಲೇ ಇತ್ತು.

ಹಾನ್ಸ್‌ಲಿಕ್‌ಗೆ ಕಿವಿ ಇರಲಿಲ್ಲವೇ? ಖಂಡಿತ ಇತ್ತು. ಮೂರನೆಯ ಭಾಗವನ್ನು ಇನ್ನೊಂದು ಸಲ ಕೇಳಿ. ಪಿಟೀಲು ಕೆಳಗಿನ ತಂತಿಯ ಮೇಲೆ ಒರಟಾಗಿ, ಕಾಲು ನೆಲಕ್ಕೆ ಬಡಿದು ಕುಣಿಯುವವರ ಹಾಗೆ ನುಗ್ಗುತ್ತದೆ. ಆ ಒರಟುತನ ನಿಜ. ಹಾನ್ಸ್‌ಲಿಕ್ ಅದನ್ನು ಕೇಳಿಸಿಕೊಂಡರು, ಬೇಡ ಅಂದರು. ನೀವೂ ಅದನ್ನೇ ಕೇಳಿಸಿಕೊಂಡು, ಬೇಕು ಬೇಕು ಅನ್ನುತ್ತೀರಿ.

ಇನ್ನು ಬ್ರಾಮ್ಸ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ‘ಕಂಬಳಿ’ಗೆ ಎರಡು ಮೂರು ಕಾರಣಗಳಿವೆ.

ಮೊದಲನೆಯದು ನಮ್ಮ ಅಭ್ಯಾಸ. ನಾವು ಹುಟ್ಟಿದಾಗಿನಿಂದ ಕೇಳಿದ ಸಂಗೀತದಲ್ಲಿ ಮುಖ್ಯವಾದ ದನಿ ಒಂದೇ. ಹಾಡುವವರ ಹಿಂದೆ ಕಿವಿ ಹೋಗುತ್ತದೆ. ಉಳಿದದ್ದು ಶ್ರುತಿ, ತಾಳ, ಆಸರೆ. ಈ ಕಿವಿಗೆ ವಿವಾಲ್ಡಿ, ಶೋಪಾನ್, ಚೈಕೋವ್‌ಸ್ಕಿ ಬೇಗ ಒಲಿಯುತ್ತಾರೆ. ಅವರ ಮುಖ್ಯ ಸಾಲು ಸಾಮಾನ್ಯವಾಗಿ ಮೇಲೆಯೇ ತೇಲುತ್ತಿರುತ್ತದೆ. ಬ್ರಾಮ್ಸ್ ಹಾಗಲ್ಲ. ಟ್ಯೂನನ್ನು ಕೆಳದನಿಯ ದೊಡ್ಡ ತಂತಿವಾದ್ಯ ಚೆಲ್ಲೊಗೆ ಕೊಡುತ್ತಾರೆ, ಊದುವ ಹಾರ್ನ್‌ಗೆ ಕೊಡುತ್ತಾರೆ, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ, ನಡುದನಿಯ ವಿಯೋಲಾಗೆ ಕೊಡುತ್ತಾರೆ. ಮೇಲಿನ ಪಿಟೀಲು ಆಗ ಬೇರೇನೋ ಹೇಳುತ್ತಿರುತ್ತದೆ. ಪಿಯಾನೊದಲ್ಲಿ ಒಂದು ಕೈ ಎರಡರ ಲೆಕ್ಕದಲ್ಲಿ ನಡೆದರೆ ಇನ್ನೊಂದು ಕೈ ಮೂರರ ಲೆಕ್ಕದಲ್ಲಿ ನಡೆಯುತ್ತದೆ. ಮೇಲೆಯೇ ಹುಡುಕುವ ಕಿವಿಗೆ ‘ಟ್ಯೂನ್ ಕಳೆದುಹೋಯಿತು’ ಅನ್ನಿಸುವುದು ಸಹಜ. ಅದು ಕಳೆದಿರುವುದಿಲ್ಲ, ಕೆಳಗಿನ ಮಹಡಿಗೆ ಇಳಿದಿರುತ್ತದೆ.

ಎರಡನೆಯದು ನೀವು ಕೇಳಿದ ಧ್ವನಿಮುದ್ರಣ. ಬ್ರಾಮ್ಸ್‌ನ ನಾಲ್ಕನೆಯ ಸಿಂಫನಿಯನ್ನು (ಪೂರ್ತಿ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ದೊಡ್ಡ ರಚನೆ) 1885ರ ಅಕ್ಟೋಬರ್ 25ರಂದು ಜರ್ಮನಿಯ ಮೈನಿಂಗನ್ ಎಂಬ ಚಿಕ್ಕ ಊರಿನಲ್ಲಿ ಮೊದಲ ಬಾರಿ ನುಡಿಸಿದರು. ಬ್ರಾಮ್ಸ್ ತಾವೇ ನಿಂತು ನಡೆಸಿದರು. ಆ ವಾದ್ಯವೃಂದದಲ್ಲಿ ಇದ್ದದ್ದು ಸುಮಾರು 50 ಜನ. ಇವತ್ತಿನ ದೊಡ್ಡ ವಾದ್ಯವೃಂದಗಳಲ್ಲಿ ಇದೇ ಸಿಂಫನಿಗೆ 80ಕ್ಕೂ ಹೆಚ್ಚು ಜನ ಕೂರುವುದುಂಟು. ಜಾಸ್ತಿಯಾಗುವುದು ಮುಖ್ಯವಾಗಿ ತಂತಿವಾದ್ಯಗಳೇ. ಹತ್ತು ಪಿಟೀಲಿನ ಪಕ್ಕದಲ್ಲಿ ಒಂದು ಕೊಳಲಿನ ದನಿ ಕೇಳುವುದಕ್ಕೂ ಮೂವತ್ತು ಪಿಟೀಲಿನ ನಡುವೆ ಕೇಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? 1990ರ ದಶಕದಲ್ಲಿ ವಾದ್ಯವೃಂದ ನಿರ್ದೇಶಕ ಚಾರ್ಲ್ಸ್ ಮೆಕೆರಸ್ ಅವರು ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾ ಜೊತೆ ನಾಲ್ಕೂ ಸಿಂಫನಿಗಳನ್ನು ಚಿಕ್ಕ ಗುಂಪಿನಲ್ಲೇ ನುಡಿಸಿ ಮುದ್ರಿಸಿದ್ದಾರೆ. ನಾಲ್ಕನೆಯದನ್ನು ಅದರಲ್ಲಿ ಕೇಳಿ ನೋಡಿ. ಕಂಬಳಿಯ ಅರ್ಧ ತೂಕ ಇಳಿಯುತ್ತದೆ ಅಂತ ನನ್ನ ನಂಬಿಕೆ.

ಒಂದೇ ರಚನೆ ನುಡಿಸುವವರ ಕೈಯಲ್ಲಿ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎಂಬ ರಚನೆಯನ್ನು ಅವರು 1955ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ಮುದ್ರಿಸಿದರು. ಶುರುವಿನ ‘ಆರಿಯಾ’ ಎಂಬ ಟ್ಯೂನ್ 1955ರಲ್ಲಿ ಎರಡು ನಿಮಿಷದೊಳಗೆ ಮುಗಿಯುತ್ತದೆ. 1981ರಲ್ಲಿ ಅದಕ್ಕೇ ಮೂರು ನಿಮಿಷದ ಮೇಲೆ ಬೇಕು. ಸ್ವರ ಅವೇ, ಬೆರಳೂ ಅದೇ ಮನುಷ್ಯನದು. ಒಂದನ್ನು ಪ್ರೀತಿಸಿ ಇನ್ನೊಂದನ್ನು ಸಹಿಸದವರು ನನಗೆ ಗೊತ್ತು. ಅದಕ್ಕೇ ಹೇಳುವುದು, ಕನಿಷ್ಠ ಇಬ್ಬರ ಕೈಯಲ್ಲಿ ಕೇಳದೆ ಯಾವ ರಚನೆಯನ್ನೂ ಬಿಡಬೇಡಿ.

ಮೂರನೆಯ ಕಾರಣ, ನೀವು ಹೇಳುವುದು ಕೆಲವು ಕಡೆ ಅಕ್ಷರಶಃ ನಿಜ. ನಾನು ಮೂವತ್ತು ವರ್ಷದಿಂದ ವಿಯೋಲಾ ನುಡಿಸುತ್ತಿದ್ದೇನೆ. ಹವ್ಯಾಸಿಗಳ ಗುಂಪು ನಮ್ಮದು. ಒಂದು ಸಲ ಬ್ರಾಮ್ಸ್‌ನ ಜಿ ಮೇಜರ್ ತಂತಿ ಪಂಚವಾದ್ಯ (ಐದು ತಂತಿವಾದ್ಯಗಳ ರಚನೆ) ತೆಗೆದುಕೊಂಡೆವು. 1890ರ ರಚನೆ, ಓಪಸ್ (ಅಂದರೆ ಪ್ರಕಟಣೆಯ ಕ್ರಮಸಂಖ್ಯೆ) 111. ಶುರುವಾಗುತ್ತಲೇ ಎರಡು ಪಿಟೀಲು, ಎರಡು ವಿಯೋಲಾ ಜೋರಾಗಿ, ನಿಲ್ಲದೆ ಕಂಪಿಸುತ್ತವೆ. ಮುಖ್ಯ ಟ್ಯೂನ್ ಇರುವುದು ಅಡಿಯಲ್ಲಿ, ಒಂದೇ ಒಂದು ಚೆಲ್ಲೊದಲ್ಲಿ. ನಮ್ಮ ಚೆಲ್ಲೊ ನುಡಿಸುವವರು ಬಿಲ್ಲನ್ನು ತಂತಿಗೆ ಒತ್ತಿ ಒತ್ತಿ ಬೆವತುಹೋದರು. ಆದರೂ ಪಕ್ಕದಲ್ಲೇ ಕೂತ ನನಗೆ ಟ್ಯೂನ್ ಅರ್ಧ ಕೇಳಿಸಲಿಲ್ಲ. ಬ್ರಾಮ್ಸ್ ಬದುಕಿದ್ದಾಗಲೇ ನುಡಿಸುವವರು ಈ ಜಾಗದ ಬಗ್ಗೆ ದೂರು ಹೇಳಿದ್ದರು. ಮುದ್ರಣವಾದದ್ದು ಮಾತ್ರ ಹಾಗೇ ಉಳಿಯಿತು.

ಅದೇ ರಚನೆಯ ಎರಡನೆಯ ಭಾಗಕ್ಕೆ ಬಂದಾಗ ಬೇರೆಯದೇ ಆಯಿತು. ಅಲ್ಲಿ ಟ್ಯೂನ್ ಮೊದಲ ವಿಯೋಲಾದ್ದು. ಅವತ್ತು ಆ ಕುರ್ಚಿಯಲ್ಲಿ ನಾನಿದ್ದೆ. ವಿಯೋಲಾ ನುಡಿಸುವವರಿಗೆ ಜೀವನವೆಲ್ಲಾ ಇನ್ನೊಬ್ಬರ ಟ್ಯೂನಿಗೆ ಆಸರೆಯಾಗುವ ಕೆಲಸ. ಇಲ್ಲಿ ಉಳಿದ ನಾಲ್ವರೂ ದನಿ ತಗ್ಗಿಸಿ ನನಗೆ ಜಾಗ ಬಿಟ್ಟರು. ಮೊದಲ ನಾಲ್ಕು ಸ್ವರ ನುಡಿಸುವಾಗ ಬಿಲ್ಲು ಹಿಡಿದ ಕೈ ನಡುಗಿತು. ಇಷ್ಟು ವರ್ಷ ಬ್ರಾಮ್ಸ್‌ನಲ್ಲಿ ದಪ್ಪ ಅನ್ನಿಸುತ್ತಿದ್ದದ್ದು ಏನು ಅಂತ ಅವತ್ತು ಗೊತ್ತಾಯಿತು. ನಡುವೆ ಕೂತ ಪ್ರತಿಯೊಬ್ಬರಿಗೂ ಹೇಳಲು ಏನಾದರೂ ಇರಬೇಕು ಅಂತ ಅವರು ಬಯಸುತ್ತಾರೆ. ಎಲ್ಲರೂ ಮಾತಾಡಿದರೆ ಸದ್ದು ದಟ್ಟವಾಗದೆ ಇರುತ್ತದೆಯೇ? ಆ ದಟ್ಟತನ ಈಗ ನನಗೆ ಇಷ್ಟ. ನಿಮಗೆ ಇಷ್ಟವಾಗಲೇಬೇಕು ಅಂತಿಲ್ಲ.

ಹಾಗಾದರೆ ಪ್ರಯತ್ನ ಮಾಡುವುದಾದರೆ ಎಲ್ಲಿಂದ? ಸಿಂಫನಿಯಿಂದ ಬೇಡ. ನಿಮಗೆ ಶೋಪಾನ್ ಇಷ್ಟ. ಆದ್ದರಿಂದ ಪಿಯಾನೊದಿಂದಲೇ ಹೋಗೋಣ. ಓಪಸ್ 118ರಲ್ಲಿ ಎರಡನೆಯದು, ಎ ಮೇಜರ್ ಇಂಟರ್‌ಮೆಟ್ಸೊ ಎಂಬ ಪುಟ್ಟ ಪಿಯಾನೊ ರಚನೆ. ಬ್ರಾಮ್ಸ್ 60 ವರ್ಷದವರಾಗಿದ್ದಾಗ, 1893ರಲ್ಲಿ, ಬರೆದು ಆಪ್ತ ಗೆಳತಿ, ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೆ ಅರ್ಪಿಸಿದ ಗುಚ್ಛದಲ್ಲಿದೆ. ಐದಾರು ನಿಮಿಷದ್ದು. ಮೂರು ಸ್ವರದ ಸಣ್ಣ ಮಾತಿನಿಂದ ಶುರು: ಒಂದು ಮೆಟ್ಟಿಲು ಇಳಿದು, ಸ್ವಲ್ಪ ಏರಿ ನಿಲ್ಲುತ್ತದೆ. ತಕ್ಷಣ ಅದೇ ಮಾತು ಮತ್ತೆ ಬರುತ್ತದೆ, ಈ ಸಲ ಇಳಿದಷ್ಟೇ ಇಳಿದು ತುಂಬಾ ಎತ್ತರಕ್ಕೆ ಏರುತ್ತದೆ. ಆ ಏರಿಕೆಯ ಜಾಗವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ.

ಮೊದಲ ಸಲ ಸುಮ್ನೆ ಕೇಳಿ. ಎರಡನೆಯ ಸಲ ಎಡಗೈಯ ಕೆಳಗಿನ ಸ್ವರಗಳನ್ನು ಮಾತ್ರ ಹಿಂಬಾಲಿಸಿ, ಬೇಕಾದರೆ ಜೊತೆಗೆ ಗುನುಗಿ. ಮೂರನೆಯ ಸಲ ನಡುವಿನ ಭಾಗಕ್ಕೆ ಗಮನ ಕೊಡಿ. ಅಲ್ಲಿ ಮೇಲಿನ ಟ್ಯೂನನ್ನು ಕೆಳಗಿನ ಇನ್ನೊಂದು ದನಿ, ಒಂದು ಹೆಜ್ಜೆ ಹಿಂದೆ ಬಿದ್ದು, ಹಿಂಬಾಲಿಸುತ್ತಾ ಬರುತ್ತದೆ. ಆ ಎರಡನೆಯ ದನಿ ನಿಮಗೆ ಒಂದು ಸಲ ಕೇಳಿಸಿತು ಅಂದರೆ ಆಮೇಲೆ ಕೇಳಿಸದೆ ಇರುವುದಿಲ್ಲ. ಬ್ರಾಮ್ಸ್‌ನ ಬೀಗದ ಕೈ ಇರುವುದು ಅಲ್ಲೇ.

ಅದು ಹಿಡಿಸಿದರೆ ಮೂರನೆಯ ಸಿಂಫನಿಯ ಮೂರನೆಯ ಭಾಗಕ್ಕೆ ಬನ್ನಿ. ಚೆಲ್ಲೊಗಳ ಟ್ಯೂನ್, ಚೈಕೋವ್‌ಸ್ಕಿಯನ್ನು ಪ್ರೀತಿಸುವವರಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಆಮೇಲೆ 1891ರ ಕ್ಲಾರಿನೆಟ್ ಪಂಚವಾದ್ಯ. ಆಮೇಲಷ್ಟೇ ನಾಲ್ಕನೆಯ ಸಿಂಫನಿ. ಅದರ ಶುರುವಿನಲ್ಲಿ ಪಿಟೀಲುಗಳು ಎರಡು ಸ್ವರ ಹೇಳಿ ನಿಲ್ಲುತ್ತವೆ, ಮತ್ತೆ ಎರಡು ಹೇಳಿ ನಿಲ್ಲುತ್ತವೆ. ಒಮ್ಮೆ ಇಳಿಯುತ್ತವೆ, ಒಮ್ಮೆ ಏರುತ್ತವೆ. ಮೊದಲ ಎಂಟು ಸ್ವರಗಳನ್ನು ಒಂದರ ಕೆಳಗೆ ಒಂದು ಜೋಡಿಸಿದರೆ ಒಂದೇ ಅಳತೆಯ ಮೆಟ್ಟಿಲುಗಳಲ್ಲಿ ಇಳಿಯುವ ಒಂದು ಏಣಿ. ಕೊನೆಯ ಭಾಗದಲ್ಲೂ ಎಂಟೇ ಸ್ವರದ ಒಂದು ಸಾಲು. ಬಾಖ್‌ನ ಒಂದು ಕ್ಯಾಂಟಾಟದಿಂದ (ಹಾಡುವವರೂ ವಾದ್ಯಗಳೂ ಸೇರಿದ ರಚನೆ) ತೆಗೆದು ತಿದ್ದಿಕೊಂಡದ್ದು. ಅದನ್ನು ಬಿಡದೆ ಹಿಡಿದು ಮೂವತ್ತು ರೂಪದಲ್ಲಿ ತಿರುಗಿಸಿ ತೋರಿಸುತ್ತಾರೆ. ಈ ಥರದ ಕಟ್ಟಡ ನೋಡಿ ಖುಷಿಪಡುವ ಮನಸ್ಸಿಗೆ ಬ್ರಾಮ್ಸ್ ಸ್ವರ್ಗ. ಟ್ಯೂನ್ ಹರಿಯುತ್ತಾ ಹೋಗಲಿ ಅನ್ನುವ ಮನಸ್ಸಿಗೆ ಅಡಚಣೆ. ಎರಡೂ ಒಳ್ಳೆಯ ಮನಸ್ಸುಗಳೇ.

ಪದೇ ಪದೇ ಕೇಳಿದರೆ ಇಷ್ಟವಾಗುತ್ತದೆಯೇ ಅಂತ ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಪರಿಚಯ ಹೆಚ್ಚಿದಂತೆ ಒಲವೂ ಹೆಚ್ಚುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೊಂಕ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಆದರೆ ಶಿಕ್ಷೆಯ ಹಾಗೆ ಕೇಳಿದರೆ ಆಗುವುದಿಲ್ಲ. ಬೇಸರ ಬಂದ ಕ್ಷಣ ನಿಲ್ಲಿಸಿ. ಬೇಸರದಲ್ಲಿ ಕೇಳಿದ ಸಂಗೀತಕ್ಕೆ ಬೇಸರವೇ ಅಂಟಿಕೊಳ್ಳುತ್ತದೆ.

ಮೊಜಾರ್ಟ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಿನ್ನೆಲೆಯಲ್ಲಿ ಹಾಕಿಕೊಂಡು ಕೇಳಿದರೆ ಒಂದೇ ಥರ ಅನ್ನಿಸುವುದು ನಿಜ. ಆ ಕಾಲದ ಎಲ್ಲರೂ ಬಳಸುತ್ತಿದ್ದ ಪದಗಳನ್ನೇ ಅವರೂ ಬಳಸುತ್ತಾರೆ, ವ್ಯತ್ಯಾಸ ಇರುವುದು ಒಂದೆರಡು ಸ್ವರದಲ್ಲಿ. 1785ರ ಡಿ ಮೈನರ್ ಪಿಯಾನೊ ಕಾನ್ಸರ್ಟೊ, ಸಂಖ್ಯೆ 20, ಒಂದನ್ನೇ ಕೂತು ಕೇಳಿ. ಶುರುವಿನಲ್ಲೇ ತಾಳದ ಜೊತೆ ಕೂಡದೆ, ಎಳೆದಾಡುತ್ತಾ ಬರುವ ಪಿಟೀಲುಗಳಲ್ಲಿ ಎಂಥ ಕಳವಳ ಇದೆ ನೋಡಿ. ಅದೂ ಒಲಿಯದಿದ್ದರೆ ಚಿಂತೆಯಿಲ್ಲ. ಮೇಲೆ ಹೇಳಿದ ಗ್ಲೆನ್ ಗೂಲ್ಡ್, ಮೊಜಾರ್ಟ್ ಬರಬರುತ್ತಾ ಹೇಗೆ ಕೆಟ್ಟ ಸಂಯೋಜಕರಾದರು ಅಂತಲೇ 1968ರಲ್ಲಿ ಒಂದು ಟಿವಿ ಕಾರ್ಯಕ್ರಮ ಮಾಡಿದ್ದರು. ನನಗೆ ಅದು ಒಪ್ಪಿಗೆಯಿಲ್ಲ. ಆದರೂ ಅವರ ಸಂಗೀತಜ್ಞಾನವನ್ನು ಯಾರೂ ಪ್ರಶ್ನಿಸುವುದಿಲ್ಲ.

ಶೋನ್‌ಬರ್ಗ್‌ನ ನಂತರದ ರಚನೆಗಳನ್ನು ನಾನೂ ಗೌರವದಿಂದ ಕೇಳುತ್ತೇನೆ, ಪ್ರೀತಿಯಿಂದಲ್ಲ. ಆದರೆ 1899ರಲ್ಲಿ ಆರು ತಂತಿವಾದ್ಯಗಳಿಗೆ ಅವರು ಬರೆದ ‘ಫೆರ್‌ಕ್ಲೇರ್ಟೆ ನಾಖ್ಟ್’ (‘ರೂಪಾಂತರಗೊಂಡ ರಾತ್ರಿ’) ಕೇಳಿ. ಗದ್ದಲ ಅನ್ನುವ ಮಾತು ವಾಪಸ್ ತೆಗೆದುಕೊಳ್ಳುತ್ತೀರಿ. ಇನ್ನೊಂದು ವಿಷಯ: ಈ ಶೋನ್‌ಬರ್ಗ್ ಬ್ರಾಮ್ಸ್‌ನ ದೊಡ್ಡ ಅಭಿಮಾನಿ. ಪಿಯಾನೊ ಮತ್ತು ಮೂರು ತಂತಿವಾದ್ಯಗಳಿಗೆ ಬರೆದ ಬ್ರಾಮ್ಸ್‌ನ ಒಂದು ಪಿಯಾನೊ ಕ್ವಾರ್ಟೆಟ್ ಅನ್ನು 1937ರಲ್ಲಿ ಪೂರ್ತಿ ವಾದ್ಯವೃಂದಕ್ಕೆ ಹೊಂದಿಸಿ ಬರೆದರು.

ಅಭಿರುಚಿ ಬದಲಾಯಿಸಿಕೊಳ್ಳಬೇಕೇ ಅಂತ ಕೇಳಿದ್ದೀರಿ. ಅದು ತಾನಾಗಿ ಬದಲಾಗುತ್ತದೆ, ಯಾವ ಕಡೆಗೆ ಅಂತ ಯಾರೂ ಹೇಳಲಾರರು. ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್‌ಗೆ ಹುಡುಗನಾಗಿದ್ದಾಗ ಬೇಥೋವನ್ ಮತ್ತು ಬ್ರಾಮ್ಸ್ ಅಂದರೆ ದೇವರು. ದೊಡ್ಡವರಾದ ಮೇಲೆ ಬ್ರಾಮ್ಸ್ ಕಂಡರೆ ಆಗುತ್ತಿರಲಿಲ್ಲ. ತಿಳಿವಳಿಕೆ ಬೆಳೆದಂತೆ ಎಲ್ಲರೂ ಬ್ರಾಮ್ಸ್ ಕಡೆಗೇ ನಡೆಯುತ್ತಾರೆ ಅನ್ನುವುದು ಸುಳ್ಳು. ಇಡೀ ಜಗತ್ತಿನ ರುಚಿಯೂ ಬದಲಾಗುತ್ತದೆ. ನಿಮ್ಮ ‘ನಾಲ್ಕು ಋತುಗಳು’ ಅಚ್ಚಾದದ್ದು 1725ರಲ್ಲಿ. ವಿವಾಲ್ಡಿ 1741ರಲ್ಲಿ ತೀರಿಕೊಂಡ ಮೇಲೆ ಹೆಚ್ಚುಕಡಿಮೆ ಎಲ್ಲರೂ ಅವರನ್ನು ಮರೆತರು. 1920ರ ದಶಕದಲ್ಲಿ ಇಟಲಿಯಲ್ಲಿ ಹಸ್ತಪ್ರತಿಗಳ ರಾಶಿ ಸಿಕ್ಕ ಮೇಲೆಯೇ ಮತ್ತೆ ಜೀವ ಬಂದದ್ದು. ಇವತ್ತು ಎಲ್ಲರ ಬಾಯಲ್ಲಿರುವ ಆ ಸಂಗೀತ 1880ರ ಸಂಗೀತಪ್ರೇಮಿಗೆ ಕೇಳಲೂ ಸಿಗುತ್ತಿರಲಿಲ್ಲ.

ನನ್ನದೇ ಒಂದು ವಿಷಯ ಹೇಳಿಬಿಡುತ್ತೇನೆ. ಕಲಿಯುವ ದಿನಗಳಲ್ಲಿ ನನಗೆ ಚೈಕೋವ್‌ಸ್ಕಿ ತುಂಬಾ ಇಷ್ಟ. ಒಬ್ಬ ಮೇಷ್ಟ್ರು ಎಲ್ಲರೆದುರು ಅದಕ್ಕೆ ನಕ್ಕರು. ಕಣ್ಣೀರು ಸುರಿಸುವ ಸಂಗೀತ ಅಂದರು. ನನ್ನ ಹತ್ತಿರ ಇದ್ದ ಕ್ಯಾಸೆಟ್‌ಗಳನ್ನು ಯಾರಿಗೋ ಕೊಟ್ಟುಬಿಟ್ಟೆ. ಆರೇಳು ವರ್ಷ ‘ಚೈಕೋವ್‌ಸ್ಕಿ ನನಗೆ ಅಷ್ಟಕ್ಕಷ್ಟೇ’ ಅಂತ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ವಾದ್ಯವೃಂದದಲ್ಲಿ ಅವರ ಐದನೆಯ ಸಿಂಫನಿ ನುಡಿಸುವ ಅವಕಾಶ ಬಂತು. ಎರಡನೆಯ ಭಾಗ ಶುರುವಾಗುವುದು ನಮ್ಮಿಂದ, ಕೆಳದನಿಯ ತಂತಿವಾದ್ಯಗಳಿಂದ. ಕತ್ತಲಲ್ಲಿ ಮೆಲ್ಲಗೆ ಹೆಜ್ಜೆ ಇಡುವ ಹಾಗೆ ಕೆಲವೇ ಸ್ವರಗುಚ್ಛಗಳು. ಆಮೇಲೆ ಹಿಂದಿನಿಂದ ಒಂದೇ ಒಂದು ಹಾರ್ನ್ ಹಾಡತೊಡಗಿತು. ಆ ಕಳೆದುಕೊಂಡ ವರ್ಷಗಳನ್ನು ನೆನೆದು ನನಗೆ ತುಂಬಾ ನೋವಾಯಿತು. ಇನ್ನೊಬ್ಬರಿಗೆ ಹೆದರಿ ಇಷ್ಟವನ್ನು ಬಚ್ಚಿಟ್ಟದ್ದು ನಾನು ಮಾಡಿದ ದೊಡ್ಡ ತಪ್ಪು. ನೀವು ಅದನ್ನು ಮಾಡಬೇಡಿ. (ಸಂಯೋಜಕ ಬ್ರುಕ್ನರ್ ನನಗೆ ಇಂದಿಗೂ ಒಲಿದಿಲ್ಲ. ಎರಡು ವರ್ಷಕ್ಕೊಮ್ಮೆ ಕೇಳಿ ನೋಡುತ್ತೇನೆ, ಇಲ್ಲ ಅನ್ನಿಸಿದರೆ ಎತ್ತಿಡುತ್ತೇನೆ.)

ನಿಮ್ಮ ಗೆಳೆಯರಿಗೆ ಒಂದು ಸಂಗತಿ ಹೇಳಿ. 1888ರ ಹೊಸ ವರ್ಷದ ದಿನ ಬ್ರಾಮ್ಸ್ ಮತ್ತು ಚೈಕೋವ್‌ಸ್ಕಿ ಲೈಪ್‌ಸಿಗ್‌ನಲ್ಲಿ ಒಂದೇ ಮನೆಯಲ್ಲಿ ಭೇಟಿಯಾದರು. ಮನೆ ಬ್ರಾಡ್‌ಸ್ಕಿ ಅವರದು, ಆ ಪಿಟೀಲು ಕಾನ್ಸರ್ಟೊ ನುಡಿಸಿದವರದೇ. ಬ್ರಾಮ್ಸ್‌ನ ಸಂಗೀತ ಚೈಕೋವ್‌ಸ್ಕಿಗೆ ಅವತ್ತೂ ರುಚಿಸಲಿಲ್ಲ, ಮನುಷ್ಯ ಮಾತ್ರ ಇಷ್ಟವಾದರು. ಮರುವರ್ಷ ಹ್ಯಾಂಬರ್ಗ್‌ನಲ್ಲಿ ಚೈಕೋವ್‌ಸ್ಕಿ ತಮ್ಮ ಐದನೆಯ ಸಿಂಫನಿಯ ತಾಲೀಮು ನಡೆಸುತ್ತಿದ್ದರು. ಅದನ್ನು ಕೇಳಲೆಂದೇ ಬ್ರಾಮ್ಸ್ ಒಂದು ದಿನ ಪ್ರಯಾಣ ಮುಂದೂಡಿ ಉಳಿದರು. ಪೂರ್ತಿ ಕೇಳಿದರು. ಆಮೇಲೆ ಜೊತೆಗೆ ಊಟಕ್ಕೆ ಕೂತಾಗ, ಕೊನೆಯ ಭಾಗ ಬಿಟ್ಟರೆ ಉಳಿದದ್ದು ಹಿಡಿಸಿತು ಅಂತ ಮುಖಕ್ಕೆ ಹೇಳಿದರು. ನೀವೂ ನಿಮ್ಮ ಗೆಳೆಯರೂ ಹಾಗೇ ಒಂದು ಸಂಜೆ ಕೂತು, ಆ ಎ ಮೇಜರ್ ಇಂಟರ್‌ಮೆಟ್ಸೊವನ್ನು ಒಟ್ಟಿಗೆ ಕೇಳಿ. ಯಾವ ಜಾಗದಲ್ಲಿ ಅವರ ಮುಖ ಅರಳುತ್ತದೆ, ಯಾವ ಜಾಗದಲ್ಲಿ ನಿಮಗೆ ಉಸಿರು ಕಟ್ಟುತ್ತದೆ ನೋಡಿ. ಅದು ಒಂದೇ ಜಾಗವಾಗಿದ್ದರೆ ನನಗೆ ದಯವಿಟ್ಟು ಬರೆದು ತಿಳಿಸಿ.